ಮುಗಿಯುವ ಗೇಮ್ ಬೇಕಾ? ಇಲ್ಲಿವೆ ಐದು

ಈ ವಾರದ ಪ್ರಶ್ನೆ ಬಂದಿದ್ದು ನಮ್ಮ ಮನೆಯಿಂದಲೇ. ಸಾಗರ ತಾಲೂಕಿನ ಬ್ಯಾಕೋಡಿನಲ್ಲಿ ತೋಟ ನೋಡಿಕೊಂಡಿರುವ ಚಿಕ್ಕಪ್ಪನ ಮಗ ವಾಟ್ಸಾಪ್ ಮಾಡಿದ್ದ: "ಅಣ್ಣಾ, ಮಾರಿಯೋ ಥರದ್ದು ಹಾರೋ ಗೇಮ್ ಹೇಳು. ಸಣ್ಣದಿರ್ಲಿ, ಮುಗೀಬೇಕು. ಈಗ ಆಡ್ತಿರೋದು ಮುಗಿಯೋದೇ ಇಲ್ಲ ಮಾರಾಯ."

ಆ ಕಡೆಯ ವಾಕ್ಯ ತಮಾಷೆಗೆ ಹೇಳಿದ್ದಲ್ಲ. ತೋಟಕ್ಕೆ ಎಲೆಚುಕ್ಕಿ ರೋಗ ಬಂದಮೇಲೆ ಅವನಿಗೆ ಸರಿಯಾಗಿ ನಿದ್ದೆ ಇಲ್ಲ. ರಾತ್ರಿ ಹನ್ನೊಂದಕ್ಕೆ ಫೋನ್ ಹಿಡಿದರೆ ಎರಡು ಗಂಟೆವರೆಗೂ ಅದೇ ಒಂದು ಫ್ರೀ ಗೇಮ್. ದಿನಾ ಬಂದರೆ ಬಹುಮಾನ, ಒಂದು ದಿನ ತಪ್ಪಿದರೆ ಕೂಡಿಸಿದ್ದೆಲ್ಲ ಸೊನ್ನೆ. ನಡುನಡುವೆ ನಲವತ್ತೊಂಬತ್ತು ರೂಪಾಯಿ, ತೊಂಬತ್ತೊಂಬತ್ತು ರೂಪಾಯಿ ಕೇಳುತ್ತೆ. ಎಂಟು ತಿಂಗಳದ್ದು ಲೆಕ್ಕ ಹಾಕಿದರೆ ತೋಟಕ್ಕೆ ಒಂದು ಸಲ ಔಷಧಿ ಹೊಡೆಸುವಷ್ಟು ದುಡ್ಡು ಹೋಗಿತ್ತಂತೆ.

ನಾನು ಸಾಫ್ಟ್‌ವೇರ್‌ನವನು, ಹಾಗಾಗಿ ಒಳಗಿನ ಮಾತು ಹೇಳ್ತೀನಿ. ಇಂಥ ಆಪ್ ಮಾಡುವವರು ಕಣ್ಣಿಟ್ಟು ನೋಡುವ ಅಂಕಿಯ ಹೆಸರು ರಿಟೆನ್ಷನ್. ಇವತ್ತು ಇನ್‌ಸ್ಟಾಲ್ ಮಾಡಿದವರಲ್ಲಿ ನಾಳೆ ಎಷ್ಟು ಜನ ಬಂದರು, ಏಳನೇ ದಿನ ಎಷ್ಟು, ಮೂವತ್ತನೇ ದಿನ ಎಷ್ಟು ಅನ್ನೋ ಲೆಕ್ಕ ಅದು. ಗೇಮ್ ಮುಗಿದರೆ ನೀವು ವಾಪಸ್ ಬರಲ್ಲ. ಅದಕ್ಕೇ ಅದನ್ನ ಮುಗಿಸಲ್ಲ.

ಕ್ಯಾಸೆಟ್ ಕಾಲದ ಗೇಮ್‌ಗಳಿಗೆ ಈ ಹಂಗಿರಲಿಲ್ಲ. ದುಡ್ಡು ಅಂಗಡಿಯಲ್ಲೇ ಬಂದಾಗಿರುತ್ತಿತ್ತು, ಮತ್ತೆ ಎಳೆದಾಡೋಕೆ ಜಾಗವೂ ಇರಲಿಲ್ಲ. 1985ರ ಸೂಪರ್ ಮಾರಿಯೋ ಬ್ರದರ್ಸ್ ಪೂರ್ತಿ ಗೇಮ್ 40 ಕೆಬಿ. ನಿಮ್ಮ ಫ್ಯಾಮಿಲಿ ಗ್ರೂಪಿಗೆ ದಿನಾ ಬೆಳಿಗ್ಗೆ ಬರುವ ಶುಭೋದಯದ ಫೋಟೋ ಅದಕ್ಕಿಂತ ದೊಡ್ಡದಿರುತ್ತೆ. ಅಷ್ಟರಲ್ಲೇ 32 ಹಂತ, ಸಂಗೀತ, ಆಮೆ, ಅಣಬೆ ಎಲ್ಲ ಹಿಡಿಸಬೇಕಿತ್ತು. ಆಕಾಶದ ಮೋಡ, ನೆಲದ ಪೊದೆ ಎರಡೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಗಮನಿಸಿದ್ರಾ?

ಅದರಲ್ಲಿ ಸೇವ್ ಅನ್ನೋದೂ ಇರಲಿಲ್ಲ. ಕೂತರೆ ಒಂದೇ ಸಲಕ್ಕೆ ಮುಗಿಸಬೇಕು. ಇದರ ಅರ್ಥ ಏನು ಅಂತ ಬ್ಯಾಕೋಡಿನವರಿಗೆ ಚೆನ್ನಾಗಿ ಗೊತ್ತು. ಆಗ ಹೊಳೆಗೆ ಸೇತುವೆ ಇಲ್ಲ, ಅದಾಗಿದ್ದು 2025ರ ಜುಲೈನಲ್ಲಿ. ನಮ್ಮ ಟಿವಿ ಗೇಮ್ ಸಾಗರದ ಪೇಟೆಯಿಂದ ಲಾಂಚ್ ಹತ್ತಿ ಶರಾವತಿ ಹಿನ್ನೀರು ದಾಟಿ ಬಂದಿತ್ತು. ನಿಂಟೆಂಡೋದ್ದಲ್ಲ, ಅದರ ನಕಲು. ಲಿಂಗನಮಕ್ಕಿ ನೀರಲ್ಲಿ ನಾಡಿಗೆಲ್ಲ ಕರೆಂಟ್, ನಮಗೆ ಮಾತ್ರ ಮಳೆಗಾಲದಲ್ಲಿ ಯಾವಾಗ ಹೋಗುತ್ತೆ ಅಂತ ಗೊತ್ತಿಲ್ಲ. ಎಂಟನೇ ಲೋಕದಲ್ಲಿದ್ದಾಗ ಹೋದರೆ ಮತ್ತೆ 1-1ರಿಂದ ಶುರು. ಬೇಸರ ಆಗುತ್ತಿತ್ತು, ಆದರೆ ಕೊನೆ ಅಂತ ಒಂದಿದೆ ಅನ್ನೋದು ಗೊತ್ತಿತ್ತು.

ತಮ್ಮನಿಗೆ ಕಳಿಸಿದ ಪಟ್ಟಿ ಇದು.

1. ಸೂಪರ್ ಮಾರಿಯೋ ಬ್ರದರ್ಸ್ (1985). ಎಷ್ಟೋ ಜನ ಆಡಿದ್ದೀರಿ, ಮುಗಿಸಿದವರು ಕಡಿಮೆ. 32 ಹಂತವನ್ನೂ ಆಡಬೇಕಿಲ್ಲ. 1-2ರಲ್ಲಿ ಚಾವಣಿ ಮೇಲೆ ಓಡಿ ಕೊನೆಯ ಪೈಪ್‌ಗಳಿಂದ ನಾಲ್ಕನೇ ಲೋಕ, 4-2ರಲ್ಲಿ ಅಡಗಿರುವ ಬಳ್ಳಿ ಹತ್ತಿದರೆ ಎಂಟನೇ ಲೋಕ. ಒಟ್ಟು ಎಂಟು ಹಂತದಲ್ಲಿ ಆಟ ಮುಗಿಯುತ್ತೆ. ಪಳಗಿದವರು ಐದು ನಿಮಿಷದೊಳಗೆ ಮುಗಿಸ್ತಾರೆ. ನಮಗೆ ಒಂದು ಸಂಜೆ ಸಾಕು. ನಿಂಟೆಂಡೋ ಸ್ವಿಚ್ ಇರುವ ಗೆಳೆಯರನ್ನ ಹಿಡೀರಿ, ಅದರ ಆನ್‌ಲೈನ್ ಚಂದಾದಲ್ಲಿ ಇದು ಸಿಗುತ್ತೆ.

2. ಡಕ್‌ಟೇಲ್ಸ್ (1989). ಭಾನುವಾರ ದೂರದರ್ಶನದಲ್ಲಿ ಬರುತ್ತಿದ್ದ ಅದೇ ಜಿಪುಣ ಬಾತುಕೋಳಿ. ಕ್ಯಾಪ್ಕಾಮ್‌ನವರು ಮಾಡಿದ್ದು. ಅಜ್ಜ ಊರುಗೋಲಿನ ಮೇಲೆ ಪುಟಿಪುಟಿದು ಹೋಗ್ತಾನೆ, ಇಡೀ ಆಟದ ಮಜಾ ಆ ಪುಟಿತದಲ್ಲಿದೆ. ಅಮೆಜಾನ್, ಹಿಮಾಲಯ, ಚಂದ್ರ ಸೇರಿ ಐದು ಜಾಗ, ಯಾವುದನ್ನ ಬೇಕಾದರೂ ಮೊದಲು ಆಡಬಹುದು. ಚಂದ್ರನ ಮೇಲಿನ ಸಂಗೀತ ಹೆಡ್‌ಫೋನ್ ಹಾಕಿ ಕೇಳಿ. ಲ್ಯಾಪ್‌ಟಾಪ್‌ನಲ್ಲಿ 2017ರ ಡಿಸ್ನಿ ಆಫ್ಟರ್‌ನೂನ್ ಕಲೆಕ್ಷನ್ ಒಳಗಿದೆ. ಸತ್ತರೆ ಕ್ಯಾಸೆಟ್ ಥರ ಹಿಂದಕ್ಕೆ ಸುತ್ತುವ ಬಟನ್ ಕೊಟ್ಟಿದ್ದಾರೆ.

3. ವಿವಿವಿವಿವಿವಿ (2010). ಹೌದು, ಹೆಸರು ಆರು ಸಲ ವಿ. ಟೆರಿ ಕವಾನಾ ಅನ್ನುವವರು ಮಾಡಿದ್ದು. ಹೊಸದಾದರೂ ನೋಡೋಕೆ ಎಂಬತ್ತರ ದಶಕದ ಕಂಪ್ಯೂಟರ್ ಥರ. ಇದರಲ್ಲಿ ಹಾರೋಕೇ ಆಗಲ್ಲ! ಬಟನ್ ಒತ್ತಿದರೆ ಗುರುತ್ವ ತಲೆಕೆಳಗಾಗಿ ನೀವು ಚಾವಣಿಗೆ ಬೀಳ್ತೀರಿ. ಹಾಗೇ ಬೀಳುತ್ತಾ ಕಳೆದುಹೋದ ಐವರು ಗೆಳೆಯರನ್ನ ಹುಡುಕಬೇಕು. ನೂರಾರು ಸಲ ಸಾಯ್ತೀರಿ, ಆದರೆ ಪ್ರತಿ ಹತ್ತು ಹೆಜ್ಜೆಗೊಂದು ಚೆಕ್‌ಪಾಯಿಂಟ್ ಇದೆ. ಎರಡು-ಮೂರು ಗಂಟೆಯ ಆಟ, ಫೋನಿಗೂ ಬಂದಿದೆ. ಕೋಡ್ ಬರೆಯುವವರಿಗೆ ಇನ್ನೊಂದು ಖುಷಿ: 2020ರಲ್ಲಿ ಇದರ ಸೋರ್ಸ್ ಕೋಡ್ ಹೊರಗೆ ಬಿಟ್ಟರು. ಒಂದೇ ಸ್ವಿಚ್ ಸ್ಟೇಟ್‌ಮೆಂಟಿನಲ್ಲಿ ನೂರಾರು ಕೇಸ್. ನಮ್ಮ ಆಫೀಸಲ್ಲಾದರೆ ಯಾರೂ ಅಪ್ರೂವ್ ಮಾಡಲ್ಲ, ಆದರೆ ಆಟ ಬೆಣ್ಣೆ ಥರ ಓಡುತ್ತೆ.

ತಮ್ಮ ಮೊದಲು ಹಿಡಿದಿದ್ದು ಇದನ್ನೇ. ಮೂರು ರಾತ್ರಿಗೆ ಮುಗಿಸಿದ. ನಾಲ್ಕನೇ ರಾತ್ರಿ ಹತ್ತೂವರೆಗೆ ಮಲಗಿದನಂತೆ. ನಿದ್ದೆ ಬಂತಾ ಅಂದೆ. "ತೋಟದ ಚಿಂತೆ ಎಲ್ಲಿಗೆ ಹೋಗ್ತದೆ ಅಣ್ಣಾ. ಆದ್ರೆ ಫೋನು ಬಾ ಬಾ ಅಂತ ಕರೀಲಿಲ್ಲ" ಅಂದ.

4. ಸೆಲೆಸ್ಟ್ ಕ್ಲಾಸಿಕ್. ಮ್ಯಾಡಿ ಥಾರ್ಸನ್, ನೋಯೆಲ್ ಬೆರಿ ಇಬ್ಬರೂ ಸೇರಿ ನಾಲ್ಕೇ ದಿನದಲ್ಲಿ ಮಾಡಿದ ಪುಟ್ಟ ಗೇಮ್. 2018ರಲ್ಲಿ ಬಂದ ದೊಡ್ಡ ಸೆಲೆಸ್ಟ್ ಹುಟ್ಟಿದ್ದು ಇದರಿಂದಲೇ. ಬೆಟ್ಟ ಹತ್ತಬೇಕು, ಅಷ್ಟೇ. ಮೂವತ್ತು ಕೋಣೆ, ಒಂದೊಂದೂ ಒಂದು ಪರದೆಯಷ್ಟು. ಹಾರಬಹುದು, ಗಾಳಿಯಲ್ಲಿ ಒಂದು ಸಲ ನುಗ್ಗಬಹುದು. ಬ್ರೌಸರ್‌ನಲ್ಲೇ ಪುಕ್ಕಟೆ ಆಡಬಹುದು, ಕೀಬೋರ್ಡ್ ಇದ್ದರೆ ಒಳ್ಳೇದು. ತುದಿ ಮುಟ್ಟಿದ ಮೇಲೆ ಎಷ್ಟು ಹೊತ್ತಾಯ್ತು, ಎಷ್ಟು ಸಲ ಸತ್ತಿರಿ ಅಂತ ಲೆಕ್ಕ ತೋರಿಸುತ್ತೆ. ಗೆಳೆಯರ ಜೊತೆ ಪಂದ್ಯಕ್ಕೆ ಅಷ್ಟು ಸಾಕು.

5. ಡೌನ್‌ವೆಲ್ (2015). ಇದು ಫೋನ್‌ನವರಿಗೇ ಹೇಳಿ ಮಾಡಿಸಿದ್ದು, ಉದ್ದಕ್ಕೆ ಹಿಡಿದೇ ಆಡೋದು. ಬಾವಿಗೆ ಬೀಳ್ತಾ ಹೋಗ್ತೀರಿ, ಕಾಲಿನ ಬೂಟೇ ಬಂದೂಕು. ಎಡ, ಬಲ, ಹಾರು: ಮೂರೇ ಬಟನ್. ಗಾಳಿಯಲ್ಲಿ ಹಾರು ಒತ್ತಿದರೆ ಗುಂಡು ಹಾರುತ್ತೆ, ಕಾಲು ನೆಲಕ್ಕೆ ತಾಗಿದ ಕೂಡಲೇ ಮತ್ತೆ ಭರ್ತಿ. ಮಾಡಿದ ಓಜಿರೊ ಫುಮೊಟೊ ಟೋಕಿಯೋದಲ್ಲಿ ಒಪೆರಾ ಗಾಯನ ಓದುತ್ತಿದ್ದವರು. ಬಾವಿಗೆ ತಳ ಇದೆ, ಆದರೆ ಸತ್ತರೆ ಮೇಲಿಂದ ಶುರು. "ಇನ್ನೊಂದೇ ಸಲ" ಅನ್ನಿಸುವ ಜಾತಿಯದ್ದು, ಹಾಗಾಗಿ ಮಲಗುವ ಮುಂಚೆ ಬೇಡ, ಬಸ್ಸಿನಲ್ಲಿ ಆಡಿ.

ಪಟ್ಟಿಯಾಚೆ ಏನಾದರೂ ಇನ್‌ಸ್ಟಾಲ್ ಮಾಡುವ ಮುಂಚೆ ಮೂರು ವಿಷಯ ನೋಡಿಕೊಳ್ಳಿ. ಏರೋಪ್ಲೇನ್ ಮೋಡ್‌ನಲ್ಲಿ ಓಡುತ್ತಾ? ಹಿನ್ನೀರಿನ ಆಚೆ ಒಂದೇ ಗೆರೆ ನೆಟ್‌ವರ್ಕ್ ಇರುವವರಿಗಂತೂ ಇದು ಮುಖ್ಯ. ದಿನದ ಬಹುಮಾನ ಅಂತ ಏನಾದರೂ ಇದೆಯಾ? ಇದ್ದರೆ ಅಲ್ಲೇ ಬಿಡಿ. ಮೂರನೇದು, ಮುಗಿಸೋಕೆ ಎಷ್ಟು ಗಂಟೆ ಬೇಕು? ಹೌ ಲಾಂಗ್ ಟು ಬೀಟ್ ಅನ್ನುವ ವೆಬ್‌ಸೈಟಲ್ಲಿ ಆಡಿದವರೇ ಬರೆದಿರುತ್ತಾರೆ. ನಾಲ್ಕು ಗಂಟೆಯೊಳಗಿದ್ದರೆ ಧೈರ್ಯವಾಗಿ ಶುರು ಮಾಡಿ.

ಮುಗಿಸಿದ ಮೇಲೆ ಅನ್‌ಇನ್‌ಸ್ಟಾಲ್ ಮಾಡೋದನ್ನ ಮರೀಬೇಡಿ. ನೀವು ಕೊನೆವರೆಗೂ ಆಡಿ ಮುಗಿಸಿದ ಸಣ್ಣ ಗೇಮ್ ಯಾವುದು? ಬರೀರಿ, ಒಳ್ಳೇದಿದ್ದರೆ ಮುಂದಿನ ಪಟ್ಟಿಗೆ ಸೇರಿಸ್ತೀನಿ.