ಸುಧಾರಕರ ಹೆಸರು ಸಾಕೇ, ಅವರು ಬರೆದದ್ದು ಬೇಡವೇ?

ಪ್ರಿಯ ವಿಶ್ವಾಸಿಗಳೇ, ಪ್ರತಿ ಅಕ್ಟೋಬರ್ 31ರಂದು ನೀವು ಮಾರ್ಟಿನ್ ಲೂಥರರನ್ನು ನೆನೆಯುತ್ತೀರಿ, 1517ರ ಅವರ 95 ವಾದಗಳ ಬಗ್ಗೆ ಹೆಮ್ಮೆಪಡುತ್ತೀರಿ. ಪಾಪವಿಮೋಚನಾ ಪತ್ರ ಕೊಳ್ಳುವುದಕ್ಕಿಂತ ಬಡವನಿಗೆ ಕೊಡುವುದೇ ಮೇಲೆಂಬ ಮಾತು ಆ ವಾದಗಳಲ್ಲೇ ಇದೆ. ಆ ಪುಟಗಳನ್ನು ತೆರೆಯಿರಿ.

1523ರಲ್ಲಿ ಸ್ಯಾಕ್ಸನಿಯ ಲೈಸ್ನಿಗ್ ಊರಿನ ಸಭೆ ತನ್ನ ಆದಾಯವನ್ನೆಲ್ಲ ಒಂದೇ ಪೆಟ್ಟಿಗೆಗೆ ಸೇರಿಸಿ, ಅನಾಥ ಮಕ್ಕಳನ್ನೂ ದುಡಿಯಲಾರದ ಮುದುಕರನ್ನೂ ಅದರಿಂದ ಸಲಹುವ ನಿಯಮ ಮಾಡಿಕೊಂಡಾಗ ಅದಕ್ಕೆ ಮುನ್ನುಡಿ ಬರೆದವರು ಲೂಥರ್. ಮರುವರ್ಷ ನಗರಗಳ ಹಿರಿಯರಿಗೆ ಬರೆದು ಹೆಣ್ಣುಮಕ್ಕಳಿಗೂ ಶಾಲೆ ಬೇಕೆಂದವರು ಅವರು. 1540ರಲ್ಲಿ, ಬಡವರನ್ನು ಹಿಂಡುವ ಬಡ್ಡಿಯ ವಿರುದ್ಧ ಬೋಧಿಸಿರೆಂದು ಸಭಾಪಾಲಕರನ್ನು ಒತ್ತಾಯಿಸಿದವರೂ ಅವರೇ. ನಂಬಿಕೆಗಾಗಿ ಊರುಬಿಟ್ಟು ಸ್ಟ್ರಾಸ್‌ಬರ್ಗಿಗೆ ಬಂದ ಕೆಂಟ್ಸಿಂಗನ್ನಿನ ಗಂಡಸರಿಗೆ 1524ರಲ್ಲಿ ಆಸರೆ ಕೊಟ್ಟು, ಊರಲ್ಲೇ ಉಳಿದು ನರಳುತ್ತಿದ್ದ ಅವರ ಹೆಂಗಸರಿಗೆ ಸಾಂತ್ವನದ ಪತ್ರ ಬರೆದ ಕಥರೀನಾ ಝೆಲ್ ಅವರ ಹೆಸರಾದರೂ ನಮ್ಮ ಎಷ್ಟು ಮನೆಗಳಲ್ಲಿ ಕೇಳಿಬಂದಿದೆ? ಆ ಪುಟಗಳನ್ನು ತೆರೆಯಿರಿ.

ನೋಯಿಸುವ ಪುಟಗಳನ್ನೂ ತೆರೆಯಿರಿ. 1525ರಲ್ಲಿ ದಂಗೆಯೆದ್ದ ರೈತರನ್ನು ಕೊಲ್ಲಿರೆಂದು ಬರೆದದ್ದು, 1543ರಲ್ಲಿ ಯೆಹೂದ್ಯರ ಮೇಲೆ ವಿಷ ಕಾರಿದ್ದು ಅದೇ ಲೂಥರರ ಲೇಖನಿ. 1553ರಲ್ಲಿ ಧರ್ಮವಿರೋಧಿಯೆಂದು ಸೆರ್ವೆಟಸ್ ಎಂಬವನನ್ನು ಸುಟ್ಟದ್ದು ಸುಧಾರಣೆಯ ಊರಾದ ಜಿನೀವಾವೇ. ನಂಬಿಕೆಯ ಹೆಸರಿನಲ್ಲಿ ಮನುಷ್ಯನನ್ನು ಕೊಲ್ಲಬಾರದೆಂದು ಮರುವರ್ಷ ಬರೆದ ಕಾಸ್ಟೆಲಿಯೊ ಕೂಡ ಸುಧಾರಣೆಯ ಮಗನೇ. ಬೆಳಕನ್ನೂ ಕತ್ತಲನ್ನೂ ಒಟ್ಟಿಗೆ ಓದದವರಿಗೆ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದಕ್ಕಾಗಿ ಕಣ್ಣೀರಿಡಬೇಕು ಎಂಬುದು ಹೇಗೆ ತಿಳಿದೀತು?

ನಾವು ಓದದಿದ್ದರೆ ಲೂಥರರಿಗೆ ನಷ್ಟವಿಲ್ಲ. ನಷ್ಟವಾಗುವುದು ಸಾಲದ ಬಡ್ಡಿ ಕಟ್ಟಲಾರದೆ ಆರಾಧನೆಗೆ ಬರುವುದನ್ನೇ ಬಿಟ್ಟ ಕೂಲಿಯವನಿಗೆ, ಫೀಸು ಹೊಂದಿಸಲಾಗದೆ ಶಾಲೆ ತೊರೆದ ಹುಡುಗಿಗೆ, ಸಭೆಯ ಲೆಕ್ಕ ಕೇಳಲು ಬಾಯಿಲ್ಲದ ವಿಧವೆಗೆ. ತಮ್ಮ ಪರವಾಗಿ ಐನೂರು ವರ್ಷಗಳ ಹಿಂದೆಯೇ ಯಾರೋ ಬರೆದಿಟ್ಟಿದ್ದಾರೆಂಬುದು ಅವರಿಗೆ ಗೊತ್ತಿಲ್ಲ. ಅವರಿಗೆ ಹೇಳಬೇಕಾದವರು ನೀವು.

1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದಂದಿನಿಂದ ಈ ಪರಂಪರೆ ಕನ್ನಡದ ಮಣ್ಣಿನಲ್ಲೂ ಬೇರೂರಿದೆ, ಅದು ನಿಮ್ಮದು. ನೀವು ಕಲ್ಲೆದೆಯವರಲ್ಲ. ನೆರೆಯವನ ನೋವಿಗೆ ಮರುಗುವವರು, ಆದರೂ ಮುಖ ತಿರುಗಿಸಿಕೊಂಡು ಬದುಕುವುದನ್ನು ರೂಢಿಮಾಡಿಕೊಂಡವರು. ಬರುವ ಅಕ್ಟೋಬರಿಗೆ ಮುನ್ನ ನಿಮ್ಮ ಸತ್ಯವೇದ ಅಧ್ಯಯನ ಕೂಟದಲ್ಲಿ ಲೈಸ್ನಿಗ್‌ನ ಆ ನಿಯಮಗಳನ್ನು ಗಟ್ಟಿಯಾಗಿ ಓದಿ, ಆಮೇಲೆ ನಮ್ಮ ಸಭೆಯ ಕಾಣಿಕೆಯಲ್ಲಿ ಬಡವರ ಪಾಲೆಷ್ಟು ಎಂದು ಎಲ್ಲರೆದುರು ಕೇಳಿ. ಉತ್ತರ ಸಿಗುವವರೆಗೂ ಕೇಳುತ್ತಲೇ ಇರಿ.