ಕೈಯಲ್ಲಿ ಆಟ, ಕನ್ನಡಕ್ಕೆ ಕಾಟ!

ಕನ್ನಡದ ಯುವಕರೇ,

ನಿಂಟೆಂಡೊ ಸ್ವಿಚ್ ಹಿಡಿದು ‘ವಿಚರ್ 3’ ಆಡುವಿರಲ್ಲ, ಆ ಆಟ ಯಾರದು? ನಿಂಟೆಂಡೊದ್ದಲ್ಲ, ಪೋಲೆಂಡಿನ ಸಿಡಿ ಪ್ರಾಜೆಕ್ಟ್ ಕಂಪನಿಯದು. 1994ರಲ್ಲಿ ಹುಟ್ಟಿದ ಇದು ಮೊದಲು ಪರರ ಆಟ ತಂದು ಮಾರುತ್ತಿತ್ತು. 1999ರಲ್ಲಿ ‘ಬಾಲ್ಡರ್ಸ್ ಗೇಟ್’ ಆಟವನ್ನು ಪೋಲಿಷ್ ಭಾಷೆಗೆ ತಂದಿತು. ಆಮೇಲೆ ತನ್ನ ನಾಡಿನ ಲೇಖಕ ಸಪ್ಕೋವ್‌ಸ್ಕಿಯ ಕಥಾಲೋಕವನ್ನೇ ಆಟವಾಗಿಸಿತು. 2019ರಲ್ಲಿ ಅದನ್ನು ಟಿವಿಗೂ ಸೈ, ಅಂಗೈಗೂ ಸೈ ಎನ್ನುವ ಸ್ವಿಚ್‌ನೊಳಗೂ ಕೂರಿಸಿತು!

ಪೋಲೆಂಡಿನ ಜನ ಸುಮಾರು 3.8 ಕೋಟಿ. 2011ರ ಜನಗಣತಿಯಂತೆ ಕನ್ನಡ ಮಾತೃಭಾಷೆಯವರು 4.37 ಕೋಟಿ. ಸ್ವಿಚ್‌ನ ಭಾಷಾಪಟ್ಟಿಯಲ್ಲಿ ಕನ್ನಡವೆಲ್ಲಿ?

ಅಚ್ಚುಕೂಟದವನು ಹೇಳುತ್ತೇನೆ: ಅಕ್ಷರ ಜೋಡಿಸುವವರಿಗೆ ಬರವಿಲ್ಲ, ಕೇಳುವವರಿಗೆ ಬರ. ದುಡ್ಡು ಕೊಡುವಾಗ ಗಿರಾಕಿ, ಭಾಷೆ ಕೇಳುವಾಗ ಮೂಕನೇ? ಆಟದ ಕಂಪನಿಗಳಿಗೆ ಬರೆಯಿರಿ. ಕನ್ನಡ ಕೊಡುವವರೆಗೂ ಬಿಡಬೇಡಿ!