ಮಾತ್ರೆಗೆ ಬೀಗ, ಬೋರ್ಡಿಗೆ ಲಗಾಮಿಲ್ಲ

ಮಾಯಸಂದ್ರದ ಅಂಗಡಿಯವರು ತಕ್ಕಡಿಗೆ ಮುದ್ರೆ ಹಾಕಿಸಿಲ್ಲ ಅಂದ್ರೆ ದಂಡ ತಪ್ಪಿದ್ದಲ್ಲ. ತಿಪಟೂರು ಮಾರ್ಕೆಟ್ ಯಾರ್ಡಿನಲ್ಲಿ ಕೊಬ್ಬರಿ ಹಿಡಿಯಬೇಕಾದರೂ ಲೈಸೆನ್ಸು ಬೇಕು. ಆದರೆ ‘ಕುಡಿತ, ಗಾಂಜಾ, ಮಾತ್ರೆ ಚಟ ಬಿಡಿಸುತ್ತೇವೆ’ ಅಂತ ಬಸ್ ಸ್ಟ್ಯಾಂಡ್ ಗೋಡೆಗೆ ಚೀಟಿ ಅಂಟಿಸುವವರನ್ನು, ನಿನ್ನ ಲೈಸೆನ್ಸ್ ಎಲ್ಲಪ್ಪಾ ಅಂತ ಕೇಳುವವರು ಯಾರು ಸ್ವಾಮಿ?

ಕಾನೂನು ಇಲ್ಲದೆ ಇಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರಿಂದಲೇ ಜಾರಿಯಲ್ಲಿದೆ. ಅದರ ಪ್ರಕಾರ ಜನರನ್ನು ಇಟ್ಟುಕೊಂಡು ಚಟ ಬಿಡಿಸುವ ಕೇಂದ್ರಗಳೂ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗಬೇಕು. ಸರ್ಟಿಫಿಕೇಟನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಹಾಕಬೇಕು. ಯಾರನ್ನೂ ಸರಪಳಿಯಲ್ಲಿ ಕಟ್ಟುವಂತಿಲ್ಲ. ನೋಂದಣಿ ಇಲ್ಲದೆ ನಡೆಸಿದರೆ ಮೊದಲ ಸಲಕ್ಕೆ 5,000ದಿಂದ 50,000 ರೂಪಾಯಿವರೆಗೆ ದಂಡ. ಐದು ಸಾವಿರ ಅವರಿಗೆ ಯಾವ ಲೆಕ್ಕ ಬಿಡಿ!

ಅದರಲ್ಲೂ ಮಾತ್ರೆ ಚಟದ ಕಥೆಯೇ ಬೇರೆ. ಟ್ರಮಡಾಲ್‌ನಂಥ ನೋವಿನ ಮಾತ್ರೆ ಅಫೀಮಿನ ಬಳಗದ್ದೇ. 2018ರಲ್ಲಿ ಕೇಂದ್ರ ಸರ್ಕಾರ ಅದನ್ನು ಮಾದಕ ವಸ್ತುಗಳ ಕಾಯ್ದೆಯೊಳಕ್ಕೆ ತಂದಿತು. ಈ ಚಟ ಹತ್ತಿದ ಹುಡುಗನನ್ನು ಮೂರು ತಿಂಗಳು ಕೋಣೆಯಲ್ಲಿ ಕೂಡಿಹಾಕಿ, ಔಷಧಿಯಿಲ್ಲದೆ ಬಿಡಿಸಿ ಕಳಿಸಿದರೆ ವಾಸಿಯಾದ ಹಾಗೇ ಕಾಣುತ್ತಾನೆ. ಅಷ್ಟರಲ್ಲಿ ಮೈಯ ತಡೆಯುವ ಶಕ್ತಿ ಇಳಿದಿರುತ್ತದೆ. ಊರಿಗೆ ಬಂದು ಹಳೇ ಅಳತೆಯಲ್ಲೇ ಮತ್ತೆ ನುಂಗಿದನೋ, ಉಸಿರೇ ನಿಂತುಹೋಗಬಹುದು. ಅಪ್ಪ ಕೊಬ್ಬರಿ ಮಾರಿದ ದುಡ್ಡು ಸುರಿದದ್ದು ಇದಕ್ಕೇನು?

ಇದಕ್ಕೆ ಔಷಧಿ ಉಂಟು. ಬ್ಯೂಪ್ರೆನಾರ್ಫಿನ್ ಅಂತ, ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಮಾತ್ರೆ. ಡಾಕ್ಟರ ನಿಗಾದಲ್ಲಿ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಕೊಡಬೇಕಾಗುತ್ತದೆ. ಅದೂ ಅಫೀಮಿನ ಸಂಬಂಧಿಯೇ ಆದ್ದರಿಂದ ಮಾಮೂಲಿ ಮೆಡಿಕಲ್ ಶಾಪಿಗೆ ಬಿಟ್ಟಿಲ್ಲ. ಚಟ ಬಿಡಿಸುವ ವ್ಯವಸ್ಥೆ ಇರುವ ಆಸ್ಪತ್ರೆ, ಸರ್ಕಾರಿ ಕೇಂದ್ರಗಳಿಗೆ ಮಾತ್ರ ಅಂತ ಕಟ್ಟು ಮಾಡಿದ್ದಾರೆ. ಕಳ್ಳದಾರಿ ಹಿಡಿಯಬಾರದು, ಕಟ್ಟು ಬೇಕು, ಒಪ್ಪೋಣ. ಆದರೆ ತೆಂಗಿನಕಾಯಿ ಸುಲಿಯುವ ಕೂಲಿ ಹುಡುಗ ಈ ಮಾತ್ರೆಗಾಗಿ ಬೆಂಗಳೂರಿನ ನಿಮ್ಹಾನ್ಸ್‌ಗೆ ಬಸ್ಸು ಹತ್ತಿದರೆ ಚಾರ್ಜೂ ಹೋಯ್ತು, ಆ ದಿನದ ಕೂಲಿಯೂ ಹೋಯ್ತು. ಎಷ್ಟು ಸಲ ಹೋದಾನು? ಕೊನೆಗೆ ಮನೆಯವರು ಗೋಡೆ ಚೀಟಿಯ ನಂಬರಿಗೇ ಫೋನ್ ಹಚ್ಚುತ್ತಾರೆ.

ಬಿಗಿ ಇರಬೇಕಾದ್ದು ಬೋರ್ಡಿನ ಮೇಲೆ. ಔಷಧಿ ತುರುವೇಕೆರೆ ಸರ್ಕಾರಿ ಆಸ್ಪತ್ರೆಯಲ್ಲೇ ಡಾಕ್ಟರ ಕೈಯಿಂದ ಸಿಗುವ ಏರ್ಪಾಡಾಗಲಿ. ನೋಂದಣಿಯಾದ ಕೇಂದ್ರಗಳ ಪಟ್ಟಿಯನ್ನು ಜಿಲ್ಲಾಡಳಿತ ಒಂದೊಂದು ಬಸ್ ಸ್ಟ್ಯಾಂಡಿನಲ್ಲೂ ಹಾಕಿಸಲಿ. ಅಲ್ಲಿಯವರೆಗೆ ಮಗನನ್ನು ಸೇರಿಸಲು ಹೋದವರು ಮೊದಲು ಗೋಡೆ ಮೇಲಿನ ಸರ್ಟಿಫಿಕೇಟ್ ನೋಡಿ, ಡಾಕ್ಟರು ಯಾರು ಅಂತ ಕೇಳಿ, ಆಮೇಲೆ ದುಡ್ಡು ಬಿಚ್ಚಿ. ಕೇಳಿ ತಿಳಿಯುವುದಿದ್ದರೆ 14446 ನಂಬರಿಗೆ ಫೋನ್ ಮಾಡಿ, ಕಾಸು ಬೀಳುವುದಿಲ್ಲ.